ಶನಿವಾರ ರಾತ್ರಿ, ಮೂರು ಆ್ಯಪ್, ಐದು ಜನ: ಆದರೂ ನೋಡೋಕೆ ಏನೂ ಸಿಗಲ್ಲ ಯಾಕೆ?

ಪ್ರಶ್ನೆ: ಮೇಡಂ, ನಮ್ಮದು ಶಿವಮೊಗ್ಗ. ಮನೆಯಲ್ಲಿ ಐದು ಜನ. ನಾನು, ನಮ್ಮ ಯಜಮಾನರು, ಸೆಕೆಂಡ್ ಪಿಯುಸಿ ಓದುವ ಮಗಳು, ಆರನೇ ಕ್ಲಾಸಿನ ಮಗ, ಎಪ್ಪತ್ತು ದಾಟಿದ ಅತ್ತೆ. ವಾರವಿಡೀ ಒಬ್ಬೊಬ್ಬರದ್ದು ಒಂದೊಂದು ಟೈಮು. ಎಲ್ಲರೂ ಒಟ್ಟಿಗೆ ಕೂರುವುದು ಶನಿವಾರ ರಾತ್ರಿ ಊಟ ಆದಮೇಲೆ ಮಾತ್ರ. ಮೂರು ಆ್ಯಪ್‌ಗೆ ದುಡ್ಡು ಕಟ್ಟುತ್ತಿದ್ದೇವೆ. ಆದರೂ ಒಂಬತ್ತಕ್ಕೆ ರಿಮೋಟ್ ಹಿಡಿದರೆ ಹತ್ತಾದರೂ ಏನೂ ಶುರುವಾಗಿರುವುದಿಲ್ಲ. "ಇದು ಬೇಡ, ಅದು ನೋಡಿದ್ದೀನಿ, ಇದು ಬೋರು" ಅಂತಲೇ ಟೈಮ್ ಹೋಗುತ್ತದೆ. ಅಷ್ಟರಲ್ಲಿ ಮಗ ಮೊಬೈಲ್ ಹಿಡಿದಿರುತ್ತಾನೆ. ಅತ್ತೆ "ನಂಗೆ ಮಾತೇ ಕೇಳಿಸಲ್ಲ" ಅಂತ ಎದ್ದು ಹೋಗಿ ಮಲಗುತ್ತಾರೆ. ಒಂದು ಸಲ ಎಲ್ಲರೂ ಕೂತಿರುವಾಗ ಏನೋ ಸೀನ್ ಬಂದು ರಿಮೋಟ್ ಹುಡುಕುವಷ್ಟರಲ್ಲಿ ಸಾಕುಸಾಕಾಯಿತು. ಆಮೇಲೆ ಹೊಸದು ಹಾಕಲು ಯಾರಿಗೂ ಧೈರ್ಯ ಇಲ್ಲ. ಕೊನೆಗೆ ನಾನೊಬ್ಬಳೇ ಒಂದು ಗಂಟೆಯವರೆಗೆ ಕೂತು ಹಿಂದೆ ನೋಡಿದ್ದನ್ನೇ ಮತ್ತೆ ನೋಡುತ್ತೇನೆ. ನಮ್ಮಲ್ಲೇ ಏನೋ ಸರಿ ಇಲ್ವಾ? ಅಥವಾ ಒಳ್ಳೆಯದೇ ಬರ್ತಿಲ್ವಾ? ಇನ್ನೊಂದು ಆ್ಯಪ್ ತಗೊಂಡರೆ ಸರಿಹೋಗುತ್ತಾ?

ಉತ್ತರ:

ಮೊದಲು ನಿಮ್ಮ ಮೂರು ಪ್ರಶ್ನೆಗೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆಯವರಲ್ಲಿ ಯಾವ ದೋಷವೂ ಇಲ್ಲ. ಒಳ್ಳೆಯವು ಬರುತ್ತಿವೆ, ಆದರೆ ಕನ್ನಡದ ಮಟ್ಟಿಗೆ ಅವು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ನಾಲ್ಕನೇ ಆ್ಯಪ್ ಖಂಡಿತ ಬೇಡ. ಮೂರರಲ್ಲೇ ಒಂದನ್ನು ಕೈಬಿಡಬಹುದು.

ನಾನು ಬಹಳ ವರ್ಷ ಒಂದು ಕನ್ನಡ ಚಾನೆಲ್‌ನ ಪ್ರೋಗ್ರಾಮಿಂಗ್ ವಿಭಾಗದಲ್ಲಿ ಕೆಲಸ ಮಾಡಿದವಳು. ಯಾವ ಸಿನಿಮಾ ಯಾವ ದಿನ ಎಷ್ಟು ಗಂಟೆಗೆ ಹೋಗಬೇಕು ಎಂದು ಕೂತು ತೀರ್ಮಾನಿಸುವುದೇ ನಮ್ಮ ಕೆಲಸ. ಇಡೀ ವಾರದ ಅರ್ಧರ್ಧ ಗಂಟೆಯ ಲೆಕ್ಕವೂ ಒಂದು ಚಾರ್ಟ್‌ನಲ್ಲಿರುತ್ತದೆ. ಅದನ್ನು ಎಫ್‌ಪಿಸಿ ಅಂತ ಕರೆಯುತ್ತೇವೆ. ಗುರುವಾರ, ಎಷ್ಟು ಜನ ಏನು ನೋಡಿದರು ಎಂದು ಅಳೆಯುವ ಬಾರ್ಕ್ ಸಂಸ್ಥೆಯ ರೇಟಿಂಗ್ ಬಂದರೆ ಅದರ ಮೇಲೆ ಜಗಳ, ತಿದ್ದುಪಡಿ, ಮತ್ತೆ ಜಗಳ. ನೀವು ಶನಿವಾರ ಟಿವಿ ಹಾಕುವ ಹೊತ್ತಿಗೆ ಆ ಜಗಳವೆಲ್ಲ ನಮ್ಮ ಆಫೀಸಿನಲ್ಲಿ ಮುಗಿದಿರುತ್ತಿತ್ತು. ಈಗ ಆ ಜಗಳ ನಿಮ್ಮ ಹಾಲ್‌ಗೆ ಬಂದಿದೆ. ಅದೂ ಸಂಬಳ ಇಲ್ಲದೆ, ಊಟ ಆಗಿ ಕಣ್ಣು ಎಳೆಯುವ ಹೊತ್ತಲ್ಲಿ, ಐದು ಜನರ ಎದುರು. ನಿಮ್ಮ ತೊಂದರೆಯ ಬೇರು ಇಲ್ಲಿದೆ ಅಂತ ನನ್ನ ಅನಿಸಿಕೆ. ಆಯ್ಕೆ ತಪ್ಪಾಗುತ್ತಿರುವುದಕ್ಕಿಂತ ಆಯ್ಕೆ ಮಾಡುವ ಹೊತ್ತು ತಪ್ಪಾಗಿದೆ.

ಈಗ ಜನ ಸಾಮಾನ್ಯವಾಗಿ ಹೇಳುವ ಕೆಲವು ಮಾತು ನೋಡೋಣ.

"ಆಯ್ಕೆ ಜಾಸ್ತಿ ಆದರೆ ತಲೆ ಕೆಡುತ್ತೆ." ಇದನ್ನು ನೀವೂ ಕೇಳಿರುತ್ತೀರಿ. ಇದರ ಹಿಂದೆ 2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗ ಇದೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ಜಾಮ್ ರುಚಿ ನೋಡಲು ಇಟ್ಟರು. 24 ಬಗೆ ಇಟ್ಟಾಗ ನಿಂತು ನೋಡಿದವರಲ್ಲಿ ಸುಮಾರು 3 ಶೇಕಡಾ ಜನ ಮಾತ್ರ ಕೊಂಡರು. 6 ಬಗೆ ಇಟ್ಟಾಗ ಸುಮಾರು 30 ಶೇಕಡಾ ಕೊಂಡರು. ಈ ಕಥೆ ಎಷ್ಟು ಹಬ್ಬಿತೆಂದರೆ ಅದೇ ಕೊನೆಯ ಮಾತು ಎನ್ನುವ ಹಾಗಾಯಿತು. ಆದರೆ 2010ರಲ್ಲಿ ಇಂಥ 50 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ ಎಂದು ಕಂಡುಬಂತು. ಹಾಗಾದರೆ ಜಾಮ್ ಕಥೆ ಸುಳ್ಳಾ? ಪೂರ್ತಿ ಅಲ್ಲ. 2015ರಲ್ಲಿ ಬಂದ ಇನ್ನೊಂದು ವಿಶ್ಲೇಷಣೆ ಇದನ್ನು ಸ್ವಲ್ಪ ಬಿಡಿಸಿ ಹೇಳಿತು. ತನಗೇನು ಬೇಕು ಎಂದು ಮೊದಲೇ ಗೊತ್ತಿಲ್ಲದವರಿಗೆ, ಎದುರಿಗಿರುವುದನ್ನು ಹೋಲಿಸಿ ನೋಡುವುದು ಕಷ್ಟವಾದಾಗ ಮಾತ್ರ ಆಯ್ಕೆಯ ರಾಶಿ ಭಾರವಾಗುತ್ತದೆ. ಏನು ಬೇಕು ಅಂತ ಗೊತ್ತಿದ್ದವರಿಗೆ ಸಾವಿರ ಇದ್ದರೂ ತೊಂದರೆ ಇಲ್ಲ. ನಿಮ್ಮ ಮನೆಯಲ್ಲಿ ಶನಿವಾರ ಒಂಬತ್ತಕ್ಕೆ ಯಾರಿಗೂ ತಮಗೇನು ಬೇಕು ಅಂತ ಗೊತ್ತಿರುವುದಿಲ್ಲ. ಪೋಸ್ಟರ್ ನೋಡಿ ಸಿನಿಮಾ ಹೋಲಿಸುವುದಂತೂ ಆಗುವ ಕೆಲಸ ಅಲ್ಲ.

ನೆಟ್‌ಫ್ಲಿಕ್ಸ್‌ನ ಇಬ್ಬರು 2015ರಲ್ಲೇ ಒಂದು ಪ್ರಬಂಧದಲ್ಲಿ ಬರೆದಿದ್ದಾರೆ. ಸಾಮಾನ್ಯ ವೀಕ್ಷಕ 60ರಿಂದ 90 ಸೆಕೆಂಡ್ ಹುಡುಕಿ, ಹತ್ತಿಪ್ಪತ್ತು ಹೆಸರು ನೋಡಿ, ಅಷ್ಟರಲ್ಲೇ ಆಸಕ್ತಿ ಕಳೆದುಕೊಳ್ಳುತ್ತಾನೆ. ಅದು ಒಬ್ಬನ ಲೆಕ್ಕ. ನಿಮ್ಮಲ್ಲಿ ಐದು ಜನರ ಆಸಕ್ತಿ ಬೇರೆ ಬೇರೆ ಹೊತ್ತಿಗೆ ಆರಿಹೋಗುತ್ತದೆ. ನಿಮ್ಮ ಮಗ ಮೊಬೈಲ್ ಹಿಡಿಯುವುದು ಮೂರನೇ ನಿಮಿಷಕ್ಕೇ ಇರಬೇಕು. ಬೈಯಬೇಡಿ, ಅವನು ಸರಾಸರಿಗಿಂತ ತಾಳ್ಮೆಯವನು.

"ಟಾಪ್ 10ರಲ್ಲಿದ್ದರೆ ಚೆನ್ನಾಗೇ ಇರುತ್ತೆ." ಇದನ್ನು ನಂಬಬೇಡಿ. ನೆಟ್‌ಫ್ಲಿಕ್ಸ್ 2023ರ ಜೂನ್‌ನಿಂದ ಜಗತ್ತಿನಾದ್ಯಂತ ನೋಡಿದ ಒಟ್ಟು ಗಂಟೆಗಳನ್ನು ಸಿನಿಮಾದ ಅವಧಿಯಿಂದ ಭಾಗಿಸಿ ವಾರದ ಪಟ್ಟಿ ಮಾಡುತ್ತದೆ. ಅಂದರೆ ಅರ್ಧ ನೋಡಿ ಬಿಟ್ಟ ಇಬ್ಬರು ಸೇರಿದರೆ ಪೂರ್ತಿ ನೋಡಿದ ಒಬ್ಬನಿಗೆ ಸಮ. ಎಷ್ಟು ಜನ ಮೆಚ್ಚಿದರು ಎಂಬುದು ಆ ಲೆಕ್ಕದಲ್ಲೇ ಇಲ್ಲ. ನಮ್ಮ ಟಿಆರ್‌ಪಿಯೂ ಹಾಗೇ ಇತ್ತು. ಜನ ಬೈಯುತ್ತಲೇ ನೋಡಿದ ಕಾರ್ಯಕ್ರಮಗಳಿಗೆ ಒಳ್ಳೆ ನಂಬರ್ ಬಂದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಐಎಂಡಿಬಿ ಎಂಬ ತಾಣದಲ್ಲಿ ನೋಡಿದವರೇ ಕೊಡುವ ರೇಟಿಂಗ್ ಸ್ವಲ್ಪ ಮೇಲು. ಆದರೆ ಹೊಸ ಕನ್ನಡ ಸಿನಿಮಾಕ್ಕೆ ಮೊದಲ ವಾರ ಬೀಳುವ ಹತ್ತಕ್ಕೆ ಹತ್ತು ಬಹುತೇಕ ಅಭಿಮಾನಿಗಳದ್ದು. ನಾಲ್ಕಾರು ತಿಂಗಳು ಕಳೆದ ಮೇಲೆ ನೋಡಿದರೆ ಆ ನಂಬರ್‌ಗೆ ಒಂದಿಷ್ಟು ಅರ್ಥ ಬಂದಿರುತ್ತದೆ.

"ಆ್ಯಪ್‌ಗೆ ನಮ್ಮ ರುಚಿ ಗೊತ್ತು." ಯಾರ ರುಚಿ? ಐದೂ ಜನ ಒಂದೇ ಪ್ರೊಫೈಲ್‌ನಲ್ಲಿ ನೋಡುತ್ತಿದ್ದೀರಾ? ನೀವು ಬರೆದಿಲ್ಲ, ಆದರೆ ಬಹಳ ಮನೆಗಳಲ್ಲಿ ಹಾಗೇ. ಅತ್ತೆಯ ಭಕ್ತಿ ಸಿನಿಮಾ, ಮಗನ ಕಾರ್ಟೂನ್, ಮಗಳ ಕೊರಿಯನ್ ಸೀರಿಯಲ್, ನಿಮ್ಮ ರಾತ್ರಿ ಒಂದು ಗಂಟೆಯ ಹಳೇ ಪ್ರೀತಿ ಕಥೆ, ಎಲ್ಲವೂ ಒಂದೇ ಖಾತೆಯಲ್ಲಿ ಕಲಸಿಹೋದರೆ ಅದು ಯಾರಿಗೂ ಸಲ್ಲದ ಪಟ್ಟಿ ಕೊಡುತ್ತದೆ. ಇದಕ್ಕೆ ಮದ್ದು ಸುಲಭ. ನೆಟ್‌ಫ್ಲಿಕ್ಸ್‌ನಲ್ಲಿ ಐದು ಪ್ರೊಫೈಲ್ ಮಾಡಬಹುದು, ಪ್ರೈಮ್‌ನಲ್ಲಿ ಆರು. ಒಂದನ್ನು "ಶನಿವಾರ" ಅಂತ ಹೆಸರಿಟ್ಟು ಒಟ್ಟಿಗೆ ನೋಡುವುದನ್ನು ಅದರಲ್ಲಿ ಮಾತ್ರ ನೋಡಿ. ಎರಡು ತಿಂಗಳಲ್ಲಿ ಅದರ ಸಲಹೆ ಬೇರೆಯಾಗುತ್ತದೆ. ಹಾಗೇ ನೆಟ್‌ಫ್ಲಿಕ್ಸ್‌ನ ಪ್ರೊಫೈಲ್ ಸೆಟ್ಟಿಂಗ್‌ನಲ್ಲಿ ಟ್ರೇಲರ್ ತಾನಾಗಿ ಓಡುವುದನ್ನು ನಿಲ್ಲಿಸುವ ಗುಂಡಿ ಇದೆ. ಅದನ್ನು ಆಫ್ ಮಾಡಿದರೆ ಅರ್ಧ ಗಲಾಟೆ ಅಲ್ಲೇ ಕಡಿಮೆ.

ಅಂದ ಹಾಗೆ, "ಏನಾದರೂ ಹಾಕು" ಎಂದರೆ ತಾನೇ ಒಂದನ್ನು ಶುರುಮಾಡುವ ಗುಂಡಿಯನ್ನು ನೆಟ್‌ಫ್ಲಿಕ್ಸ್ 2021ರಲ್ಲಿ ತಂದಿತ್ತು. ಜನ ಅಷ್ಟಾಗಿ ಬಳಸಲಿಲ್ಲ. 2023ರಲ್ಲಿ ತೆಗೆದುಹಾಕಿದರು. ಕಂಪ್ಯೂಟರ್ ಹಾಕಿದ್ದನ್ನು ನೋಡಲು ನಮಗೆ ಮನಸ್ಸು ಬರುವುದಿಲ್ಲ. ಮನೆಯವರು ಯಾರೋ ಯೋಚನೆ ಮಾಡಿ ಆರಿಸಿದ್ದು ಅಂದರೆ ಹತ್ತು ನಿಮಿಷವಾದರೂ ನೋಡುತ್ತೇವೆ. ಈ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಇನ್ನು ಕನ್ನಡದ ವಿಷಯ. ಇಲ್ಲಿ ನಿಮ್ಮ ಅಸಮಾಧಾನ ನ್ಯಾಯವಾದದ್ದು. ದೊಡ್ಡ ಆ್ಯಪ್‌ಗಳು ಕನ್ನಡಕ್ಕೆ ಕೈ ಬಿಚ್ಚಿ ಖರ್ಚು ಮಾಡುತ್ತಿಲ್ಲ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆ ಮಾಡಿದ 'ಏಕಂ' ಎಂಬ ಕರಾವಳಿಯ ಏಳು ಕಂತಿನ ಸರಣಿಗೆ ಯಾವ ಆ್ಯಪ್‌ನಲ್ಲೂ ಜಾಗ ಸಿಗಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವರೇ ಒಂದು ವೆಬ್‌ಸೈಟ್ ಕಟ್ಟಿ ಅದರಲ್ಲಿ ಬಿಡಬೇಕಾಯಿತು. ಇಷ್ಟು ಹೆಸರಿರುವವರ ಪಾಡೇ ಹೀಗಾದರೆ ಹೊಸಬರ ಪಾಡು ಊಹಿಸಿಕೊಳ್ಳಿ.

ಹಳೆಯ ಸಿನಿಮಾಗಳದ್ದು ಬೇರೆಯೇ ಗೋಳು. ಎಂಬತ್ತು ತೊಂಬತ್ತರ ದಶಕದ ಎಷ್ಟೋ ನಿರ್ಮಾಪಕರು ಟಿವಿ ಹಕ್ಕನ್ನು ಆಗಿನ ಬೆಲೆಗೆ ಮಾರಿಬಿಟ್ಟರು. ಆಗಿನ ಕರಾರಿನಲ್ಲಿ ಇಂಟರ್‌ನೆಟ್ ಎಂಬ ಪದವೇ ಇರುತ್ತಿರಲಿಲ್ಲ. ಈಗ ಆ ಹಕ್ಕು ಯಾರದ್ದು ಎಂದು ತೀರ್ಮಾನವಾಗದೆ ಸಿನಿಮಾ ಎಲ್ಲೂ ಬರುವುದಿಲ್ಲ. ಬಂದರೂ ಪ್ರಿಂಟ್ ಚೆನ್ನಾಗಿರುವುದಿಲ್ಲ. ಅಪರೂಪಕ್ಕೆ ಒಳ್ಳೆಯದೂ ಆಗುತ್ತದೆ. ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಪಾಲುದಾರರ ಜೊತೆ ಸೇರಿ ಹೊಸದಾಗಿ ಶುದ್ಧ ಮಾಡಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. ಅದೇ ಸಾಲಿನ ಇನ್ನೆಷ್ಟೋ ಸಿನಿಮಾಗಳಿಗೆ ಆ ಭಾಗ್ಯ ಇಲ್ಲ.

ಇನ್ನೊಂದು ಗೊತ್ತಿರಲಿ. ಆ್ಯಪ್‌ನಲ್ಲಿರುವ ಸಿನಿಮಾಗಳಲ್ಲಿ ಬಹುಪಾಲು ಅವರದ್ದಲ್ಲ, ಇಷ್ಟು ವರ್ಷಕ್ಕೆ ಅಂತ ತಂದದ್ದು. ಕರಾರು ಮುಗಿದರೆ ಸುಮ್ನೆ ಮಾಯವಾಗುತ್ತದೆ, ಇಲ್ಲವೇ ಇನ್ನೊಂದು ಆ್ಯಪ್‌ಗೆ ಹಾರುತ್ತದೆ. "ಆಮೇಲೆ ನೋಡೋಣ" ಅಂತ ಗುರುತು ಹಾಕಿಟ್ಟದ್ದು ಕಾಣೆಯಾದರೆ ನಿಮ್ಮ ಕಣ್ಣಿನ ತಪ್ಪಲ್ಲ. ಹಾಗಾಗಿ ಆ್ಯಪ್ ತೆರೆದು ಸಿನಿಮಾ ಹುಡುಕುವುದನ್ನು ಬಿಡಿ. ಮೊದಲು ಸಿನಿಮಾ ಹೆಸರು, ಆಮೇಲೆ ಅದು ಎಲ್ಲಿದೆ ಎಂಬ ಹುಡುಕಾಟ. ಜಸ್ಟ್‌ವಾಚ್ ಎಂಬ ಉಚಿತ ತಾಣದಲ್ಲಿ ಹೆಸರು ಹಾಕಿದರೆ ಭಾರತದಲ್ಲಿ ಯಾವ ಆ್ಯಪ್‌ನಲ್ಲಿದೆ ಎಂದು ತೋರಿಸುತ್ತದೆ. ಕನ್ನಡದ ಮಟ್ಟಿಗೆ ಒಮ್ಮೊಮ್ಮೆ ತಪ್ಪುತ್ತದೆ, ಆದರೂ ಮೂರು ಆ್ಯಪ್ ಜಾಲಾಡುವುದಕ್ಕಿಂತ ಮೇಲು.

ಸರಿ, ಈಗ ಏನು ಮಾಡಬೇಕು?

ನನ್ನ ಮೊದಲ ಸಲಹೆ: ಬುಧವಾರವೋ ಗುರುವಾರವೋ, ಮನೆಯಲ್ಲಿ ಒಬ್ಬರು, ಹತ್ತು ನಿಮಿಷ ಕೂತು ಶನಿವಾರದ್ದನ್ನು ಆರಿಸಿ ಇಡಿ. ಒಬ್ಬರೇ. ವಾರಕ್ಕೊಬ್ಬರ ಸರದಿ. ಅತ್ತೆಯವರಿಗೂ ಸರದಿ, ಮಗನಿಗೂ ಸರದಿ. ಆರಿಸಿದ್ದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ: ಹೆಸರು, ಎಷ್ಟು ಹೊತ್ತಿನದು, ಎಷ್ಟು ಗಂಟೆಗೆ ಶುರು. ಮತಕ್ಕೆ ಹಾಕಬೇಡಿ. ಐದು ಜನ ಒಪ್ಪುವ ಸಿನಿಮಾ ಹುಡುಕಹೊರಟರೆ ಯಾರಿಗೂ ಬೇಡವೆನಿಸದ, ಯಾರಿಗೂ ಬೇಕೆನಿಸದ ಒಂದು ಸಿನಿಮಾ ಸಿಗುತ್ತದೆ. ಚಾನೆಲ್‌ನಲ್ಲೂ ಕಮಿಟಿ ಆರಿಸಿದ ಸಿನಿಮಾಗಳೇ ಮಕಾಡೆ ಮಲಗುತ್ತಿದ್ದವು.

ಇದರಲ್ಲಿ ಒಂದು ಅಪಾಯ ಇದೆ. ಇದನ್ನು ಬಹಳ ಜನ ಹೇಳುವುದಿಲ್ಲ. ಮೊದಲೇ ಆರಿಸಲು ಕೂತರೆ ನಮ್ಮ ಕೈ ತಾನಾಗಿ ಗಂಭೀರ ಸಿನಿಮಾದ ಕಡೆ ಹೋಗುತ್ತದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಸಿನಿಮಾ ಆರಿಸಲು ಹೇಳಿದರು. ಇವತ್ತೇ ನೋಡಲು ಎಂದಾಗ ತಮಾಷೆ, ಹೊಡೆದಾಟದ ಸಿನಿಮಾ ಆರಿಸಿದವರು, ಮುಂದಿನ ದಿನಗಳಿಗೆ ಎಂದಾಗ ಪ್ರಶಸ್ತಿ ಬಂದ ಭಾರವಾದ ಸಿನಿಮಾ ಆರಿಸಿದರು. ಹತ್ತು ವರ್ಷದ ನಂತರ ಆಸ್ಟ್ರೇಲಿಯಾದ ಒಂದು ಡಿವಿಡಿ ಬಾಡಿಗೆ ಕಂಪನಿಯ ದಾಖಲೆ ನೋಡಿದಾಗಲೂ ಅದೇ. ಗಂಭೀರ ಸಿನಿಮಾದ ಡಿವಿಡಿ ತರಿಸಿಕೊಂಡವರು ಅದನ್ನು ಹೆಚ್ಚು ದಿನ ಮನೆಯಲ್ಲೇ ಇಟ್ಟುಕೊಂಡಿರುತ್ತಿದ್ದರು. ನಿಮ್ಮ ವಾಚ್‌ಲಿಸ್ಟ್ ತೆಗೆದು ನೋಡಿ, ಅರ್ಧ ಪಟ್ಟಿ "ನೋಡಲೇಬೇಕಾದ" ಸಿನಿಮಾಗಳೇ ಇರುತ್ತವೆ. ಅವು ಅಲ್ಲೇ ಇರುತ್ತವೆ.

ಹಿಂದೆ ದೂರದರ್ಶನದವರು ರಾಷ್ಟ್ರಪ್ರಶಸ್ತಿ ಬಂದ ಪ್ರಾದೇಶಿಕ ಸಿನಿಮಾಗಳನ್ನು ಭಾನುವಾರ ಮಧ್ಯಾಹ್ನ ಹಾಕುತ್ತಿದ್ದರು. ಆ ಹೊತ್ತು ಸರಿಯಾಗೇ ಇತ್ತು. ಊಟ ಆಗಿದೆ, ಬೆಳಕಿದೆ, ಮುಗಿದ ಮೇಲೆ ಕಾಫಿ ಕುಡಿಯುತ್ತಾ ಮಾತಾಡಲು ಟೈಮಿದೆ. ನೀವೂ ಭಾರವಾದದ್ದನ್ನು ಅಲ್ಲಿಗೆ ಕಳಿಸಿ. ಶನಿವಾರ ರಾತ್ರಿಗೆ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇವತ್ತೇ, ಈಗಲೇ ಹಾಕಿದರೆ ನಾನು ನೋಡುತ್ತೀನಾ? ಹೂಂ ಅಂದರೆ ಮಾತ್ರ ಗುಂಪಿಗೆ ಹಾಕಿ.

ಎರಡನೆಯದು ಗಡಿಯಾರದ ಲೆಕ್ಕ. ನಮ್ಮ ಕನ್ನಡ ಸಿನಿಮಾ ಎರಡೂಕಾಲು ಗಂಟೆಯಿಂದ ಎರಡೂಮುಕ್ಕಾಲು ಗಂಟೆ ಇರುತ್ತದೆ. ಒಂಬತ್ತೂವರೆಗೆ ಶುರುವಾದರೆ ಹನ್ನೆರಡು ದಾಟುತ್ತದೆ. ಎಪ್ಪತ್ತು ದಾಟಿದವರು ಅಷ್ಟು ಹೊತ್ತು ಕೂರಲಿ ಎನ್ನುವುದು ನ್ಯಾಯ ಅಲ್ಲ, ಅಲ್ವಾ? ಎಂಟಕ್ಕೇ ಶುರುಮಾಡಿ, ಊಟಕ್ಕೆ ಇಂಟರ್ವಲ್ ಕೊಡಿ. ನಮ್ಮ ಸಿನಿಮಾಗಳು ಇಂಟರ್ವಲ್ ಲೆಕ್ಕ ಹಾಕಿಯೇ ಬರೆದವು, ಅಲ್ಲಿ ನಿಲ್ಲಿಸಿದರೆ ಏನೂ ಕೆಡುವುದಿಲ್ಲ. ಆಗದಿದ್ದರೆ ಚಿಕ್ಕದನ್ನು ಆರಿಸಿ.

ಚಿಕ್ಕದು ಅಂದಾಗ ನಿಮ್ಮ ಜಿಲ್ಲೆಯದ್ದೇ ಒಂದು ನೆನಪಾಗುತ್ತದೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'. ಒಂದೊಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಭಾಷೆ ಹಿಂದಿ, ಆದರೆ ಮುಖಗಳೆಲ್ಲ ನಮ್ಮವೇ. ನಿಮ್ಮ ಅತ್ತೆ ಆ ಬೀದಿಗಳನ್ನು ಗುರುತು ಹಿಡಿಯಬಹುದು, ನಿಮ್ಮ ಮಗನಿಗೆ ಅದರಲ್ಲಿನ ಸ್ವಾಮಿ ಎಂಬ ಹುಡುಗನ ಕಥೆ ಈಗಲೂ ತಾಗುತ್ತದೆ. ಸರಣಿಯ ಅಪಾಯ ನಿಮಗೇ ಗೊತ್ತು: "ಇನ್ನೊಂದೇ ಒಂದು" ಅಂತ ನಾಲ್ಕು ಆಗುತ್ತದೆ. ಮುಂದಿನ ಕಂತು ತಾನಾಗಿ ಓಡುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ರಾತ್ರಿ ಒಂದು ಗಂಟೆಯವರೆಗೆ ಕೂರುವ ನಿಮಗೂ ಅದು ಒಳ್ಳೆಯದು.

ಮೂರನೆಯದು, ಅತ್ತೆಯವರ "ಮಾತೇ ಕೇಳಿಸಲ್ಲ." ಇದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ನನಗೂ ಕೇಳಿಸುವುದಿಲ್ಲ. ಸಿನಿಮಾದ ಧ್ವನಿಯನ್ನು ಥಿಯೇಟರ್ ಲೆಕ್ಕದಲ್ಲಿ ಮಾಡಿರುತ್ತಾರೆ. ಸುತ್ತ ಹಲವು ಸ್ಪೀಕರ್ ಇರುವ ಕಡೆಗೆ ಅಂತ ಮಾಡಿದ, 5.1 ಎಂದು ಬರೆದಿರುವ ಟ್ರ್ಯಾಕ್‌ನಲ್ಲಿ ಮಾತುಗಳು ಹೆಚ್ಚಾಗಿ ನಡುವಿನ ಸ್ಪೀಕರ್‌ಗೆ ಹೋಗುತ್ತವೆ. ನಿಮ್ಮ ಟಿವಿಯಲ್ಲಿ ಇರುವುದು ಹಿಂದಕ್ಕೋ ಕೆಳಕ್ಕೋ ಮುಖ ಮಾಡಿದ ಎರಡು ಪುಟ್ಟ ಸ್ಪೀಕರ್. ಎಲ್ಲವನ್ನೂ ಅದರಲ್ಲಿ ತುರುಕಿದಾಗ ಮಾತು ಅಡಗಿ, ಹಿನ್ನೆಲೆ ಸಂಗೀತ ಮೇಲೇಳುತ್ತದೆ. ಮಾತಿಗೆ ಅಂತ ವಾಲ್ಯೂಮ್ ಜಾಸ್ತಿ ಮಾಡಿದರೆ ಫೈಟ್ ಬಂದಾಗ ಪಕ್ಕದ ಮನೆಯವರು ಎದ್ದು ಕೂರುತ್ತಾರೆ. ಎರಡು ಕೆಲಸ ಮಾಡಿ. ಆ್ಯಪ್‌ನ ಆಡಿಯೋ ಪಟ್ಟಿಯಲ್ಲಿ ಅದೇ ಭಾಷೆ ಎರಡು ಸಲ ಇದ್ದರೆ 5.1 ಎಂದು ಬರೆಯದಿರುವುದನ್ನು ಆರಿಸಿ. ಟಿವಿಯ ಸೌಂಡ್ ಸೆಟ್ಟಿಂಗ್‌ಗೆ ಹೋಗಿ ಸ್ಟ್ಯಾಂಡರ್ಡ್‌ನಿಂದ ಕ್ಲಿಯರ್ ವಾಯ್ಸ್, ಸ್ಪೀಚ್, ನೈಟ್ ಮೋಡ್ ಹೀಗೆ ಏನಿದೆಯೋ ಅದಕ್ಕೆ ಬದಲಿಸಿ. ಇಷ್ಟರಿಂದಲೇ ಬಹಳ ಮನೆಗಳಲ್ಲಿ ಹಿರಿಯರು ವಾಪಸ್ ಸೋಫಾಗೆ ಬಂದಿದ್ದಾರೆ. ಸಾಲದಿದ್ದರೆ ಒಂದು ಸಾಧಾರಣ ಸೌಂಡ್‌ಬಾರ್ ಸಾಕು. ನಾಲ್ಕನೇ ಆ್ಯಪ್‌ಗೆ ಎತ್ತಿಟ್ಟ ದುಡ್ಡನ್ನು ಅದಕ್ಕೆ ಹಾಕಿದರೆ ಲಾಭ ಜಾಸ್ತಿ.

ಭಾಷೆಯದ್ದೂ ಒಂದು ಮಾತು. ಮಗಳಿಗೆ ಮಲಯಾಳಂ ಸಿನಿಮಾ ಇಷ್ಟ, ಅತ್ತೆಗೆ ಅರ್ಥವಾಗಲ್ಲ ಅಂದರೆ ಆಡಿಯೋದಲ್ಲಿ ಕನ್ನಡ ಇದೆಯಾ ನೋಡಿ. ಡಬ್ಬಿಂಗ್ ತಡೆದಿದ್ದ ಸಂಘಟನೆಗಳಿಗೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ (ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಮಾಡುವವರ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ) ದಂಡ ಹಾಕಿದ ಮೇಲೆ ಆ ಬಾಗಿಲು ನಿಧಾನಕ್ಕೆ ತೆರೆಯಿತು. ಈಗ ಬಹಳಷ್ಟು ದೊಡ್ಡ ಸಿನಿಮಾಗಳಿಗೆ ಕನ್ನಡ ಧ್ವನಿ ಇದೆ. ಕೆಲವು ಚೆನ್ನಾಗಿವೆ. ಕೆಲವು ಗ್ರಂಥದ ಭಾಷೆ ಮಾತಾಡಿ ನಗು ಬರಿಸುತ್ತವೆ. ಮೊದಲ ಎರಡು ನಿಮಿಷ ಬುಧವಾರವೇ ಕೇಳಿ ನೋಡಿದರೆ ಗೊತ್ತಾಗುತ್ತದೆ.

ಮುಜುಗರದ ಸೀನ್ ವಿಷಯ. ನೀವು ನಗುತ್ತಾ ಬರೆದಿದ್ದರೂ ಇದೇ ನಿಮ್ಮ ಮನೆಯ ದೊಡ್ಡ ತಡೆ ಅಂತ ನನಗೆ ಅನಿಸಿತು. ಒಂದು ಸಲ ಹೀಗಾದರೆ ಮನೆಯವರೆಲ್ಲ ನೋಡಿದ್ದನ್ನೇ ನೋಡುವುದಕ್ಕೆ ಹೋಗುತ್ತಾರೆ. 2021ರ ಐಟಿ ನಿಯಮಗಳ ಪ್ರಕಾರ ಆ್ಯಪ್‌ಗಳು ಪ್ರತಿಯೊಂದಕ್ಕೂ ವಯಸ್ಸಿನ ಗುರುತು ಹಾಕಬೇಕು: ಯು, ಯು/ಎ 7+, ಯು/ಎ 13+, ಯು/ಎ 16+, ಎ. ಶುರುವಿನಲ್ಲಿ ಮೂಲೆಯಲ್ಲಿ ಹಿಂಸೆ, ಬೈಗುಳ, ಲೈಂಗಿಕ ದೃಶ್ಯ ಎಂದು ಕಾರಣವನ್ನೂ ಬರೆದಿರುತ್ತಾರೆ. ಯು/ಎ 13+ ಮತ್ತು ಅದರ ಮೇಲಿನದ್ದಕ್ಕೆ ಪಿನ್ ಹಾಕಿ ಬೀಗ ಹಾಕುವ ಸೌಲಭ್ಯ ಕೊಡುವುದು ಅವರ ಕರ್ತವ್ಯ. ಥಿಯೇಟರ್ ಸಿನಿಮಾಗಳಿಗೂ ಈಗ ಯುಎ ಒಂದೇ ಗುರುತು ಇಲ್ಲ. ಸಿನಿಮಾ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲೆ 7, 13, 16 ಎಂದು ಮೂರು ಭಾಗ ಆಗಿದೆ.

ಆದರೆ ಈ ಗುರುತು ಮಕ್ಕಳ ವಯಸ್ಸಿಗೆ ಹಾಕಿದ್ದು. ಅತ್ತೆ ಪಕ್ಕದಲ್ಲಿ ಕೂತಾಗ ಆಗುವ ಮುಜುಗರಕ್ಕೆ ಯಾವ ಮಂಡಳಿಯೂ ಗುರುತು ಹಾಕುವುದಿಲ್ಲ! ಅದಕ್ಕೆ ಐಎಂಡಿಬಿಯಲ್ಲಿ ಪ್ರತಿ ಸಿನಿಮಾದ ಪುಟದಲ್ಲೂ ಪೇರೆಂಟ್ಸ್ ಗೈಡ್ ಎಂಬ ಭಾಗ ಇದೆ, ಅದನ್ನು ತೆರೆದು ನೋಡಿ. ಹಿಂದಿ, ಇಂಗ್ಲಿಷ್ ಸಿನಿಮಾಗಳಿಗೆ ಬಹಳ ವಿವರವಾಗಿ ಇರುತ್ತದೆ. ಕನ್ನಡಕ್ಕೆ ಎಷ್ಟೋ ಸಲ ಖಾಲಿ. ಖಾಲಿ ಇದ್ದರೆ ನೋಡಿದವರನ್ನು ಕೇಳಿ. ಒಂದು ಕಡೆ ಎಡವಿದರೂ ಪರವಾಗಿಲ್ಲ, ರಿಮೋಟ್ ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು. ಮನೆಯಲ್ಲಿ ಕಾಲೇಜು ಮಗಳಿದ್ದಾಳೆ. ಅವಳು ನಿಮಗಿಂತ ಜಾಸ್ತಿ ನೋಡಿರುತ್ತಾಳೆ.

ನಾಲ್ಕನೆಯದು, ಬಿಟ್ಟುಬಿಡುವ ನಿಯಮ. ಇಪ್ಪತ್ತೈದು ನಿಮಿಷ ನೋಡಿ. ಮೂರು ಜನ ಬೇಡ ಅಂದರೆ ನಿಲ್ಲಿಸಿ. ನಿಲ್ಲಿಸಿದ ಮೇಲೆ ಮತ್ತೆ ಹುಡುಕಲು ಕೂರಬೇಡಿ. ಆರಿಸಿದವರು ಒಂದು ಬದಲಿಯನ್ನೂ ಮೊದಲೇ ಹೇಳಿರಬೇಕು, ನೇರ ಅದಕ್ಕೆ ಹೋಗಿ. ಬದಲಿ ಯಾವಾಗಲೂ ಎಲ್ಲರೂ ಒಂದು ಸಲ ನೋಡಿ ನಕ್ಕಿರುವ ಸಿನಿಮಾ ಆಗಿರಲಿ. ಚಾನೆಲ್‌ಗಳು ಹಳೇ ಹಾಸ್ಯ ಸಿನಿಮಾ ಮತ್ತೆ ಮತ್ತೆ ಯಾಕೆ ಹಾಕುತ್ತವೆ ಅಂತ ಜನ ರೇಗುತ್ತಾರೆ. ನಡುವೆ ಬಂದು ಕೂತವರಿಗೂ ಅರ್ಥವಾಗುವುದು, ಎದ್ದು ಹೋಗಿ ಬಂದರೂ ಏನೂ ತಪ್ಪಿಹೋಗದಿರುವುದು ಅದೊಂದೇ. ಅನಂತ್‌ನಾಗ್ ಅವರ 'ಗಣೇಶನ ಮದುವೆ' 1990ರದ್ದು. ವಠಾರದ ಆ ಜಗಳ ಇವತ್ತಿಗೂ ಒಂದು ಹಾಲ್ ತುಂಬ ಜನರನ್ನು ಹಿಡಿದು ಕೂರಿಸುತ್ತದೆ. ನೋಡಿದ್ದನ್ನೇ ನೋಡುವುದು ದಡ್ಡತನ ಅಂತ ನಿಮ್ಮ ಪತ್ರದಲ್ಲಿ ಒಂದು ಧ್ವನಿ ಇದೆ. ದಡ್ಡತನ ಏನಲ್ಲ. ಬೇರೇನೂ ಸಿಗದೆ ಅದಕ್ಕೆ ಹೋಗುವುದು ಮಾತ್ರ ಬೇಸರ.

ಹೊಸದಾಗಿ ನೋಡಲು ಮೂರು ಹೆಸರು ಕೊಡುತ್ತೇನೆ, ನಿಮ್ಮ ಐದು ಜನರನ್ನು ಕಣ್ಣ ಮುಂದೆ ಇಟ್ಟುಕೊಂಡು. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು', 2018ರದ್ದು. ಶಾಲೆ ಉಳಿಸಿಕೊಳ್ಳುವ ಹುಡುಗರ ಕಥೆ, ಮಗನಿಗೂ ಅತ್ತೆಗೂ ಒಟ್ಟಿಗೆ ಹಿಡಿಸುವ ಅಪರೂಪದ್ದು. 'ಡೇರ್‌ಡೆವಿಲ್ ಮುಸ್ತಾಫಾ', 2023ರದ್ದು. ತೇಜಸ್ವಿಯವರ ಕಥೆ, ಕಾಲೇಜು, ಕ್ರಿಕೆಟ್ಟು. ಪಿಯುಸಿ ಮಗಳ ಸರದಿಗೆ ಇದು ಸರಿ. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು', 2016ರದ್ದು. ಮರೆವಿನ ಕಾಯಿಲೆ ಇರುವ ಅಪ್ಪ ಕಳೆದುಹೋಗುವ ಕಥೆ. ನಡುವೆ ರೌಡಿಗಳ ರಕ್ತಪಾತ ಸ್ವಲ್ಪ ಇದೆ, ಮಗ ಪಕ್ಕದಲ್ಲಿದ್ದಾಗ ಗಮನ ಇರಲಿ. ಮನೆಯಲ್ಲಿ ಹಿರಿಯರು ಮರೆಯಲು ಶುರುಮಾಡಿದ್ದರೆ ಶನಿವಾರ ಬೇಡ, ಭಾನುವಾರ ಮಧ್ಯಾಹ್ನಕ್ಕೆ ಇಡಿ. 'ತಿಥಿ' ಕೂಡ ನನಗೆ ಬಹಳ ಇಷ್ಟ. 2015ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಸಿನಿಮಾ, ಮಂಡ್ಯ ಕಡೆಯ ಹಳ್ಳಿಯವರೇ ನಟರು. ಆದರೆ ಅದರಲ್ಲಿನ ಬೈಗುಳ ಕೇಳಿ ನಿಮ್ಮ ಅತ್ತೆ ನಗುತ್ತಾರೋ ಎದ್ದು ಹೋಗುತ್ತಾರೋ ನೀವೇ ಹೇಳಬೇಕು.

ಟಿವಿಗೇ ವಾಪಸ್ ಹೋಗುವುದೂ ಒಂದು ದಾರಿ. ಬಿಗ್ ಬಾಸ್ ನಡೆಯುವ ತಿಂಗಳುಗಳಲ್ಲಿ ಶನಿವಾರ ರಾತ್ರಿ ಸುದೀಪ್ ಬರುತ್ತಾರೆ, ಅರ್ಧ ಕರ್ನಾಟಕ ಅಲ್ಲಿರುತ್ತದೆ. ಅತ್ತೆಗೆ ಅದೇ ಬೇಕೆಂದರೆ ಅವರ ಸರದಿಯ ವಾರ ಎಲ್ಲರೂ ಅದನ್ನೇ ನೋಡಿ. ಜಾಹೀರಾತು ಜಾಸ್ತಿ, ಹೌದು. ಆದರೆ ಆ ಹೊತ್ತಲ್ಲಿ ಮನೆಯವರು ಒಬ್ಬರಿಗೊಬ್ಬರು ಮಾತಾಡುತ್ತಾರೆ. ಆ್ಯಪ್‌ನ ಸಿನಿಮಾದಲ್ಲಿ ಅದಕ್ಕೆ ಬಿಡುವೇ ಇಲ್ಲ.

ಯೂಟ್ಯೂಬ್‌ನಲ್ಲಿ ಹಳೇ ಕನ್ನಡ ಸಿನಿಮಾ ರಾಶಿ ಇದೆ. ಆಡಿಯೋ ಕಂಪನಿಗಳ, ನಿರ್ಮಾಪಕರ ಅಧಿಕೃತ ಚಾನೆಲ್‌ಗಳಲ್ಲಿ ಇರುವುದನ್ನು ನೋಡಿ. ಯಾರೋ ಕದ್ದು ಹಾಕಿದ ಪ್ರತಿಯಲ್ಲಿ ಚಿತ್ರ ತಿರುಗಿಸಿರುತ್ತಾರೆ, ಧ್ವನಿ ಕೆಡಿಸಿರುತ್ತಾರೆ, ಅರ್ಧಕ್ಕೆ ಮಾಯವೂ ಆಗುತ್ತದೆ. ಟೆಲಿಗ್ರಾಂ ಲಿಂಕ್ ಕಡೆ ಹೋಗಲೇಬೇಡಿ. ಕಾನೂನಿನ ಮಾತು ಒಂದು ಕಡೆ, ಬ್ಯಾಂಕ್ ಆ್ಯಪ್ ಇರುವ ಫೋನಿಗೆ ಗೊತ್ತಿಲ್ಲದ ಫೈಲ್ ಇಳಿಸುವುದು ಇನ್ನೊಂದು ಕಡೆ.

ಕೊನೆಗೆ ದುಡ್ಡು. ಮೂರು ಆ್ಯಪ್‌ಗಳಲ್ಲಿ ಕಳೆದ ಎರಡು ತಿಂಗಳಲ್ಲಿ ಒಟ್ಟಿಗೆ ಕೂತು ಏನೂ ನೋಡದೇ ಇರುವುದು ಯಾವುದು? ಅದನ್ನು ನಿಲ್ಲಿಸಿ. ಬೇಕಾದಾಗ ಒಂದು ತಿಂಗಳಿಗೆ ಮತ್ತೆ ತೆಗೆದುಕೊಂಡರಾಯಿತು. ಒಂದೇ ಸಿನಿಮಾ ಬೇಕಿದ್ದರೆ ಪ್ರೈಮ್‌ನಲ್ಲಿ ಬಾಡಿಗೆಗೂ ಸಿಗುತ್ತದೆ. ದುಡ್ಡು ಕಟ್ಟಿದ ಮೇಲೆ ಶುರುಮಾಡಲು 30 ದಿನ, ಶುರುಮಾಡಿದರೆ ಮುಗಿಸಲು 48 ಗಂಟೆ. ಶನಿವಾರ ರಾತ್ರಿ ಅರ್ಧ ನೋಡಿ ಭಾನುವಾರ ಮುಗಿಸಲು ಅಷ್ಟು ಸಾಕು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಬಹಳ ಜನ ಇಲ್ಲೇ ಎಡವುತ್ತಾರೆ. ಅದರ ಖಾತೆಗೆ ಹೋಗಿ ರದ್ದು ಮಾಡಿ, ಯುಪಿಐನಲ್ಲಿ ಕಟ್ಟುತ್ತಿದ್ದರೆ ಆಟೋಪೇ ಪಟ್ಟಿಯಲ್ಲೂ ಅದನ್ನು ತೆಗೆದುಹಾಕಿ. ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕಿನಿಂದ ಒಂದು ಮೆಸೇಜ್ ಬರುತ್ತದೆ, ಅದನ್ನು ಓದದೇ ಸರಿಸಬೇಡಿ.